ಜಾವಾ ಕವರಿನ ಸ್ಕ್ರೂ

ಜಾವಾ ಬೈಕಿನ ಕ್ಲಚ್ ಕವರಿಗೆ ಹಾಕುವ ಸ್ಕ್ರೂ ಮೈಸೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ. ಬೈಕು ಮಾಡುತ್ತಿದ್ದ ಯಾದವಗಿರಿಯ ಕಾರ್ಖಾನೆಗೆ ಬೀಗ ಬಿದ್ದದ್ದು 1996ರಲ್ಲಿ. ಕಂಪನಿ ಮುಚ್ಚಿದ ಮೇಲೆ ಅದರ ಬಿಡಿಭಾಗಗಳೂ ಮೆಲ್ಲಗೆ ಗುಜರಿ ಸೇರುವುದು ಲೋಕರೂಢಿ. ಕಾರ್ಬೊರೇಟರ್, ಸ್ಪೀಡೋಮೀಟರ್ ಅಂತ ಜಾವಾ ಇಟ್ಟುಕೊಂಡವರು ಊರೂರು ಅಲೆಯುತ್ತಾರೆ. ಕವರಿನ ಸ್ಕ್ರೂಗೆ ಮಾತ್ರ ಅಲೆಯಬೇಕಾಗಿಲ್ಲ, ಏನು ಕೇಳಬೇಕೆಂದು ಗೊತ್ತಿದ್ದರೆ ಸಾಕು. ಹೀಗಾದದ್ದಕ್ಕೆ ಕಾರಣ ಹುಡುಕಿದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

ನಾನು ಐಟಿಐನಲ್ಲಿ ಹುಡುಗರಿಗೆ ಲೇತ್ ಕೆಲಸ ಕಲಿಸಿ ನಿವೃತ್ತನಾದವನು. ಹಳೆ ಜಾವಾ, ಯೆಜ್ಡಿ ಕೊಂಡು ಸರಿಮಾಡಿಸುವ ಹುಚ್ಚು ಹಿಡಿದ ಹುಡುಗರು ಈಗಲೂ ಮನೆಗೆ ಬರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ‘ಮೇಷ್ಟ್ರೇ, ಅಂಗಡೀಲಿ ಇದೇ ಅಂತ ಕೊಟ್ರು. ಎರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿದುಕೊಳ್ಳುತ್ತೆ.’ ನಾನು ಕೇಳುವುದೂ ಒಂದೇ: ‘ಇಂಚಿಂದೋ ಎಂ.ಎಂ.ದೋ, ಅಳತೆ ನೋಡಿದೆಯೇನಪ್ಪ?’ ನೋಡಿರುವುದಿಲ್ಲ.

ಒಂದು ಕಾಲಕ್ಕೆ ಇಂಥ ಪ್ರಶ್ನೆಗೇ ಅರ್ಥವಿರಲಿಲ್ಲ. ಒಂದೊಂದು ವರ್ಕ್‌ಶಾಪೂ ತನಗೆ ತೋಚಿದ ಥ್ರೆಡ್ ಕತ್ತರಿಸಿಕೊಳ್ಳುತ್ತಿತ್ತು, ಒಬ್ಬರ ಬೋಲ್ಟಿಗೆ ಇನ್ನೊಬ್ಬರ ನಟ್ಟು ಕೂರುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ನಾನಾ ಕಾರ್ಖಾನೆಗಳ ಸ್ಕ್ರೂಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, ಎಲ್ಲರೂ ಇದನ್ನೇ ಅನುಸರಿಸಿ ಎಂದು 1841ರಲ್ಲಿ ಒಂದು ಕ್ರಮ ಮುಂದಿಟ್ಟ. ಹಲ್ಲಿನ ಕೋನ 55 ಡಿಗ್ರಿ, ಇಂಚಿಗೆ ಇಂತಿಷ್ಟು ಹಲ್ಲು. ಇಂಗ್ಲೆಂಡಿನ ರೈಲು ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ ಆ ಥ್ರೆಡ್ಡೂ ಹೋಯಿತು, ನಮ್ಮ ದೇಶಕ್ಕೂ ಬಂತು. ಹಲ್ಲು ಇನ್ನೂ ಒತ್ತಾಗಿರಲಿ ಎಂದು 1908ರಲ್ಲಿ ಬಿಎಸ್ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್ ಬಂತು. ಸೈಕಲ್ಲಿಗೆ, ಆಮೇಲೆ ಮೋಟಾರ್ ಸೈಕಲ್ಲಿಗೆ, ಇಂಚಿಗೆ 26 ಹಲ್ಲಿನ ಇನ್ನೊಂದು ಬಂತು. ಅಷ್ಟರಲ್ಲಿ ಯುರೋಪಿನವರು 1898ರಲ್ಲಿ ಜ್ಯೂರಿಕ್‌ನಲ್ಲಿ ಸೇರಿ ಮಿಲಿಮೀಟರ್ ಲೆಕ್ಕದ ಥ್ರೆಡ್ ಒಪ್ಪಿಕೊಂಡಿದ್ದರು. ಕೋನ 60 ಡಿಗ್ರಿ. ಆರು ಎಂ.ಎಂ. ದಪ್ಪದ ಸ್ಕ್ರೂ ಒಂದು ಸುತ್ತಿಗೆ ಒಂದು ಎಂ.ಎಂ. ಮುಂದೆ ಹೋಗಬೇಕು, ಇದೇ ಪಿಚ್. ನಮ್ಮ ಕ್ಲಚ್ ಕವರಿನ ಸ್ಕ್ರೂ ಹುಟ್ಟಿದ್ದು ಆ ಮನೆತನದಲ್ಲಿ.

ಅದು ಮೈಸೂರಿಗೆ ಬಂದದ್ದು ಪ್ರಾಗಿನ ದಾರಿಯಿಂದ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡು ಶುರು ಮಾಡಿದ್ದು ಜಾವಾ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಯಾದವಗಿರಿಯಲ್ಲಿ ಬೈಕು ಮಾಡತೊಡಗಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಜೆಕ್ ಡ್ರಾಯಿಂಗುಗಳಲ್ಲಿ ಸ್ಕ್ರೂಗಳ ಅಳತೆ ಮಿಲಿಮೀಟರಿನದು.

ಬಂದ ಗಳಿಗೆಯೂ ಚೆನ್ನಾಗಿತ್ತು. ತೂಕ, ಅಳತೆಗಳ ಕಾಯಿದೆ ಪಾಸಾದದ್ದು 1956ರಲ್ಲಿ. 1957ರ ಏಪ್ರಿಲ್‌ನಲ್ಲಿ ಅಣೆ ಹೋಗಿ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಸೇರು, ಮಣದ ಜಾಗಕ್ಕೆ ಕಿಲೋ ಬರಲು ಶುರುವಾಯಿತು. ಅಂದರೆ ಅಂಗಡಿಯವರು ಕಿಲೋ, ಮೀಟರಿಗೆ ನಾಲಿಗೆ ಹೊರಳಿಸಿಕೊಳ್ಳುತ್ತಿದ್ದ ಕಾಲದಲ್ಲೇ ಯಾದವಗಿರಿಯ ಕಾರ್ಖಾನೆಯಲ್ಲಿ ಮಿಲಿಮೀಟರ್ ಸ್ಕ್ರೂ ತಿರುಗತೊಡಗಿತ್ತು. ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಬುಲೆಟ್ ಬೈಕು ಹುಟ್ಟಿನಿಂದ ಇಂಗ್ಲೆಂಡಿನದು, ಬಹುಕಾಲ ಇಂಚಿನ ಥ್ರೆಡ್ಡುಗಳನ್ನೇ ಹೊತ್ತು ತಿರುಗಿತು. ಒಂದೇ ರಸ್ತೆಯ ಎರಡು ಬೈಕುಗಳಿಗೆ ಎರಡು ಸೆಟ್ ಸ್ಪ್ಯಾನರ್ ಬೇಕಿತ್ತು.

ಲೇತಿನವರಿಗೂ ಇದೊಂದು ತಲೆನೋವು. ಇಂಚಿನ ಲೀಡ್‌ಸ್ಕ್ರೂ ಇರುವ ಹಳೆಯ ಇಂಗ್ಲಿಷ್ ಲೇತಿನಲ್ಲಿ ಎಂ.ಎಂ. ಥ್ರೆಡ್ ಸರಿಯಾಗಿ ಕತ್ತರಿಸಬೇಕಾದರೆ 127 ಹಲ್ಲಿನ ಗೇರ್ ಹಾಕಬೇಕು. ಯಾಕೆಂದರೆ ಐದು ಇಂಚು ಅಂದರೆ ಕೂದಲೆಳೆ ವ್ಯತ್ಯಾಸವಿಲ್ಲದೆ 127 ಎಂ.ಎಂ. ‘127 ಎಲ್ಲಿಂದ ಬಂತು?’ ಎಂದು ನಾನು ಕ್ಲಾಸಿನಲ್ಲಿ ಕೇಳಿದಾಗ ಬಾಯಿಪಾಠ ಮಾಡಿದವರು ತಡವರಿಸುತ್ತಿದ್ದರು, ಲೆಕ್ಕ ಹಾಕಿದವರು ನಗುತ್ತಿದ್ದರು.

ಈಗ ಹುಡುಗರು ತರುವ ಸ್ಕ್ರೂಗೆ ಬರೋಣ. ಕಾಲಿಂಚಿನ ಬಿಎಸ್ಎಫ್ ಸ್ಕ್ರೂ, ಆರು ಎಂ.ಎಂ. ಸ್ಕ್ರೂ ಎರಡನ್ನೂ ಅಂಗೈ ಮೇಲೆ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಇಂಚಿಗೆ 26 ಹಲ್ಲು, ಎರಡನೆಯದಕ್ಕೆ 25.4. ಹಲ್ಲಿಗೆ ಹಲ್ಲು ಒತ್ತಿ ಬೆಳಕಿಗೆ ಹಿಡಿದರೂ ಹತ್ತು ಹಲ್ಲಿನವರೆಗೆ ಕಾಲು ಎಂ.ಎಂ.ನಷ್ಟೂ ಫರಕು ಕಾಣದು. ವರ್ನಿಯರ್ ಹಾಕಿದಾಗ ಬಣ್ಣ ಬಯಲು: ಒಂದರ ದಪ್ಪ 6.35, ಇನ್ನೊಂದು ಆರಕ್ಕಿಂತ ಕೂದಲಷ್ಟು ಕಡಿಮೆ. ಎಂ.ಎಂ. ಸ್ಕ್ರೂವನ್ನು ಇಂಚಿನ ತೂತಿಗೆ ಹಾಕಿದರೆ ಸಲೀಸಾಗಿ ಹೋಗಿ ಗಡಗಡ ಅಲ್ಲಾಡುತ್ತದೆ. ಇಂಚಿನದನ್ನು ಜಾವಾದ ತೂತಿಗೆ ಒತ್ತಿ ತಿರುಗಿಸಿದರೆ ಕೇಸಿನ ಮೆತ್ತನೆ ಅಲ್ಯೂಮಿನಿಯಮ್ಮನ್ನು ಸೀಳಿಕೊಂಡು ಹೋಗುತ್ತದೆ. ಹಾಳಾದ ಥ್ರೆಡ್ಡಿಗೆ ಆಮೇಲೆ ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಬೇಕು, ಇಲ್ಲವೇ ದೊಡ್ಡ ಟ್ಯಾಪ್ ಹೊಡೆಯಬೇಕು.

ದಪ್ಪ, ಪಿಚ್ ಹೊಂದಿದರೂ ಉದ್ದದ ಲೆಕ್ಕ ಉಳಿಯುತ್ತದೆ. ಅಲ್ಯೂಮಿನಿಯಮ್ಮಿನೊಳಗೆ ಆರು ಎಂ.ಎಂ. ಸ್ಕ್ರೂ ಕಡೇಪಕ್ಷ ಒಂಬತ್ತು ಎಂ.ಎಂ. ಹಿಡಿದಿರಬೇಕು. ಗಿಡ್ಡವಾದರೆ ಹಲ್ಲು ಕಿತ್ತು ಬರುತ್ತದೆ. ಉದ್ದವಾದರೆ ತೂತಿನ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಕವರು ಮಾತ್ರ ಕೂತಿರುವುದಿಲ್ಲ. ಕ್ಲಚ್ಚು, ಪ್ರೈಮರಿ ಚೈನು ಎಣ್ಣೆಯಲ್ಲಿ ತಿರುಗುವ ಕಡೆ ಇದು, ಬೆಳಿಗ್ಗೆ ನೋಡಿದರೆ ಗ್ಯಾರೇಜಿನ ನೆಲದ ಮೇಲೆ ಎಣ್ಣೆ. ಒಂದೇ ಕವರಿನಲ್ಲಿ ಎಲ್ಲ ಸ್ಕ್ರೂಗಳ ಉದ್ದವೂ ಒಂದೇ ಇರುವುದಿಲ್ಲ. ಅದಕ್ಕೆ ಹಳೆ ಮೆಕ್ಯಾನಿಕ್ಕುಗಳು ಕವರು ಬಿಚ್ಚುವ ಮೊದಲೇ ರಟ್ಟಿನ ಮೇಲೆ ಅದರ ಆಕಾರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿ ಇಡುತ್ತಿದ್ದರು. ಅಂಗಡಿಗೆ ಹೋಗುವಾಗ ಆ ರಟ್ಟನ್ನೇ ಒಯ್ಯಬಹುದು, ಖಾಲಿ ಇರುವ ಜಾಗವೇ ಚೀಟಿ.

1980ರ ದಶಕದಲ್ಲಿ ಜಪಾನಿನವರು ಬಂದರು. ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಯಮಹಾ ಆರ್‌ಎಕ್ಸ್ 100. ಅವುಗಳ ಕವರಿನಲ್ಲೂ ಅದೇ ಆರು ಎಂ.ಎಂ. ಥ್ರೆಡ್. ಬದಲಾದದ್ದು ತಲೆ. ಜಾವಾದ ಸ್ಕ್ರೂಗೆ ಒಂದೇ ಸೀಳಿನ ತಲೆ (ಚೀಸ್ ಹೆಡ್), ಇವಕ್ಕೆ ಸ್ಟಾರ್, ಅಂದರೆ ಕೂಡುವ ಗುರುತಿನ ಸೀಳು. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಬಳಕೆಗೆ ತಂದ ಸ್ಟಾರಿಗೂ ಜಪಾನಿನ ಸ್ಟಾರಿಗೂ ಒಳಗಿನ ಮೂಲೆಗಳಲ್ಲಿ ಕೊಂಚ ವ್ಯತ್ಯಾಸವಿದೆ. ಜಪಾನಿನ ತಲೆಯ ಮೇಲೆ ಅನೇಕ ಸಲ ಒಂದು ಚುಕ್ಕೆ ಇರುತ್ತದೆ. ಫಿಲಿಪ್ಸ್ ಡ್ರೈವರನ್ನು ಅದರಲ್ಲಿಟ್ಟು ಒತ್ತಿದರೆ ತಳ ಮುಟ್ಟದೆ ಮೇಲೆದ್ದು ತಲೆಯನ್ನೇ ಅರೆದುಬಿಡುತ್ತದೆ. ಹಾಗೆ ಅರೆದುಹೋದವನ್ನು ಕಿತ್ತು ಎಷ್ಟೋ ಗ್ಯಾರೇಜುಗಳು ಅಲೆನ್ ಸ್ಕ್ರೂ ಹಾಕತೊಡಗಿದವು. ಯೆಜ್ಡಿಯವರೂ ಅವನ್ನೇ ಹಾಕಿಸಿಕೊಂಡರು. ನನ್ನನ್ನು ಕೇಳಿದರೆ ಅದು ತಪ್ಪಲ್ಲ. ಆದರೆ ಅಲೆನ್ ಕೀ ಕೈಗೆ ಸಿಕ್ಕಿತೆಂದು ಬಲ ಬಿಡುವವರು ಕೇಸಿನ ಥ್ರೆಡ್ ಕಳೆದುಕೊಳ್ಳುತ್ತಾರೆ. ಸೀಳಿನ ತಲೆ ಅತಿ ಬಲಕ್ಕೆ ಮೊದಲು ತಾನು ಸೋಲುತ್ತಿತ್ತು, ಕೇಸು ಉಳಿಯುತ್ತಿತ್ತು.

ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಜಗತ್ತಿಗೆಲ್ಲ ಒಂದೇ ಮಾನದಂಡ ಮಾಡಲು ಐಎಸ್‌ಒ ಹುಟ್ಟಿತು. ಅದರ ಒಂದನೇ ನಂಬರಿನ ತಾಂತ್ರಿಕ ಸಮಿತಿ ಇರುವುದು ಸ್ಕ್ರೂ ಥ್ರೆಡ್ಡುಗಳಿಗೇ. ಆರಕ್ಕೆ ಒಂದು ಎಂಬ ಜ್ಯೂರಿಕ್ಕಿನ ಲೆಕ್ಕವನ್ನು ಅದು ಹಾಗೇ ಉಳಿಸಿಕೊಂಡಿತು. 1965ರಿಂದ ಇಂಗ್ಲೆಂಡೇ ಮಿಲಿಮೀಟರಿನತ್ತ ಹೊರಳಿತು. ಯಾದವಗಿರಿಯವರು ಇದನ್ನೆಲ್ಲ ಮುಂಗಂಡು ಆರಿಸಿಕೊಂಡವರಲ್ಲ, ಪ್ರಾಗಿನಿಂದ ಬಂದದ್ದನ್ನು ಮಾಡಿದರು. ಗೆದ್ದ ಪಕ್ಷದಲ್ಲಿದ್ದದ್ದು ಅದೃಷ್ಟ.

ಆದ್ದರಿಂದ ಹುಡುಗರಿಗೆ ನಾನು ಹೇಳುವುದಿಷ್ಟು. ಅಂಗಡಿಯಲ್ಲಿ ಜಾವಾದ ಹೆಸರೆತ್ತಬೇಡಿ, ಎತ್ತಿದರೆ ಅವರು ಅಂದಾಜಿನ ಮೇಲೆ ಡಬ್ಬಿ ತೆಗೆಯುತ್ತಾರೆ. ‘ಎಂ ಸಿಕ್ಸ್, ಪಿಚ್ ಒಂದು, ಚೀಸ್ ಹೆಡ್’ ಎನ್ನಿ, ಉದ್ದ ಹೇಳಿ. ಕೊಟ್ಟದ್ದನ್ನು ಹೊಸ ಆರು ಎಂ.ಎಂ. ನಟ್ಟಿಗೆ ಬೆರಳಿನಲ್ಲೇ ತಿರುಗಿಸಿ ನೋಡಿ, ಪೂರ್ತಿ ಹೋದರೆ ಮಾತ್ರ ದುಡ್ಡು ಕೊಡಿ. ಆ ಸ್ಕ್ರೂ ಯಾವ ಕಂಪನಿಯ ಸ್ವತ್ತೂ ಅಲ್ಲ, ಹಾಗಾಗಿಯೇ ಕಂಪನಿ ಮುಚ್ಚಿದ ಮೇಲೂ ಉಳಿದಿದೆ.