ಭೌತಚಿಕಿತ್ಸೆ: ಮೊದಲ ಭೇಟಿ ಮತ್ತು ರೋಗಿಯ ಸಿದ್ಧತೆ

ಮೂಳೆಮುರಿತ, ಕೀಲುಬದಲಿ ಶಸ್ತ್ರಚಿಕಿತ್ಸೆ, ಪಾರ್ಶ್ವವಾಯು, ಬಹುಕಾಲದ ಬೆನ್ನುನೋವು ಮೊದಲಾದವುಗಳಿಂದ ಕುಂದಿದ ಚಲನಶಕ್ತಿಯನ್ನು ವ್ಯಾಯಾಮ, ಅಂಗಮರ್ದನ ಹಾಗೂ ಶಾಖ, ವಿದ್ಯುತ್ತು ಮುಂತಾದ ಭೌತಿಕ ಸಾಧನಗಳ ನೆರವಿನಿಂದ ಸಾಧ್ಯವಾದಷ್ಟು ಮರಳಿಸುವ ಚಿಕಿತ್ಸಾಕ್ರಮವೇ ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿ. ಯಂತ್ರದ ಶಾಖ ಪಡೆದು ಎದ್ದುಬರುವುದೇ ಚಿಕಿತ್ಸೆ ಎಂಬ ಭಾವನೆ ಹೊಸ ರೋಗಿಗಳಲ್ಲಿ ವ್ಯಾಪಕವಾಗಿದ್ದರೂ, ಬಹುಪಾಲು ತೊಂದರೆಗಳಲ್ಲಿ ಗುಣ ನಿಂತಿರುವುದು ರೋಗಿಯೇ ದಿನವೂ ಮಾಡುವ ವ್ಯಾಯಾಮದ ಮೇಲೆ. ಯಂತ್ರಗಳದು ಪೂರಕ ಪಾತ್ರ ಮಾತ್ರ.

ಮೊದಲ ಭೇಟಿ

ಮೊದಲ ಭೇಟಿಯ ಹೆಚ್ಚಿನ ಹೊತ್ತು ಪರೀಕ್ಷೆಗೇ ಸಲ್ಲುತ್ತದೆ. ನೋವು ಯಾವಾಗ ಏಳುತ್ತದೆ, ಯಾವ ಭಂಗಿಯಲ್ಲಿ ತಗ್ಗುತ್ತದೆ ಎಂದು ವಿಚಾರಿಸಿದ ಬಳಿಕ ಚಿಕಿತ್ಸಕರು ಕೀಲು ಎಷ್ಟು ಬಾಗುತ್ತದೆಂಬುದನ್ನು ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಅಳೆದು ದಾಖಲಿಸುತ್ತಾರೆ. ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ವಿವರ, ಸೇವಿಸುತ್ತಿರುವ ಔಷಧಗಳ ಪಟ್ಟಿ ಜೊತೆಯಲ್ಲಿರಬೇಕು. ಪರೀಕ್ಷಿಸಬೇಕಾದ ಭಾಗವನ್ನು ಸುಲಭವಾಗಿ ತೆರೆದು ತೋರಿಸಬಹುದಾದ ಸಡಿಲ ಉಡುಪು ಅನುಕೂಲ.

ಸ್ನಾಯುಬಲದ ಪರೀಕ್ಷೆ

ಹೊಸಬರಿಗೆ ಅರ್ಥವಾಗದೆ ಉಳಿಯುವ, ಆದರೆ ಚಿಕಿತ್ಸೆಯ ದಿಕ್ಕನ್ನೇ ನಿರ್ಧರಿಸಬಲ್ಲ ಭಾಗವಿದು. ಅಮೆರಿಕದ ಬಾಸ್ಟನ್ನಿನಲ್ಲಿ ಪೋಲಿಯೊ ಪೀಡಿತ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿದ್ದ ರಾಬರ್ಟ್ ಲವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಗುರುತ್ವಾಕರ್ಷಣೆಯನ್ನೇ ಅಳತೆಗೋಲಾಗಿಸಿಕೊಂಡು ರೂಪಿಸಿದ ವಿಧಾನವನ್ನು ರೈಟ್ 1912ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಚಾರಕ್ಕೆ ತಂದ 0ಯಿಂದ 5ರವರೆಗಿನ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಸ್ನಾಯು ಕಿಂಚಿತ್ತೂ ಮಿಡಿಯದಿದ್ದರೆ 0, ಮಿಡಿದರೂ ಅಂಗ ಕದಲದಿದ್ದರೆ 1, ಗುರುತ್ವದ ಎಳೆತ ತಪ್ಪಿಸಿದಾಗ ಮಾತ್ರ ಅಂಗ ಚಲಿಸಿದರೆ 2, ಆ ಎಳೆತವನ್ನು ಮೀರಿ ಚಲಿಸಿದರೆ 3, ಚಿಕಿತ್ಸಕರ ಕೈಯ ಒತ್ತಡವನ್ನು ತಕ್ಕಮಟ್ಟಿಗೆ ತಡೆದರೆ 4, ಸಹಜ ಬಲವಿದ್ದರೆ 5. ಕುಳಿತು ಮೊಣಕಾಲು ನೀಡಲಾಗದವರನ್ನು ಪಕ್ಕಕ್ಕೆ ಮಲಗಿಸಿ, ಕಾಲಿನ ಭಾರವನ್ನು ಚಿಕಿತ್ಸಕರು ತಾವೇ ಆನಿಸಿಕೊಂಡು ಅದೇ ಚಲನೆಯನ್ನು ಮಾಡಿಸುವುದು ಗುರುತ್ವದ ಎಳೆತವನ್ನು ತಪ್ಪಿಸಲೆಂದೇ. ಈ ಅಂಕಗಳ ನಡುವಿನ ಅಂತರ ಸಮನಾದುದಲ್ಲ; 4ರ ವ್ಯಾಪ್ತಿ ಬಹಳ ದೊಡ್ಡದಾದ್ದರಿಂದ ವಾರಗಟ್ಟಲೆ ಅಂಕ ಏರದಿದ್ದರೂ ಬಲ ಹೆಚ್ಚುತ್ತಿರಬಹುದು, ಹಾಗಾಗಿ ಅದೊಂದನ್ನೇ ನೋಡಿ ರೋಗಿ ಧೃತಿಗೆಡಬೇಕಿಲ್ಲ.

ಮುಂಚಿತವಾಗಿ ತಿಳಿಸಬೇಕಾದುವು

ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ವಿದ್ಯುತ್ಕಾಂತೀಯ ಅಲೆಗಳಿಂದ ಒಳಗಿನ ಅಂಗಾಂಶವನ್ನು ಕಾಯಿಸುವ ವಿಧಾನ, ಅಪಾಯಕಾರಿ. ದೇಹದೊಳಗೆ ಲೋಹದ ಪಟ್ಟಿಯಿರುವವರಿಗೂ ಗರ್ಭಿಣಿಯರಿಗೂ ಇದು ಸಾಮಾನ್ಯವಾಗಿ ವರ್ಜ್ಯ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ತಿಳಿಯದೆಯೇ ಸುಟ್ಟಗಾಯಗಳಾಗಬಹುದು.

ನೋವು

ಹೊಸ ವ್ಯಾಯಾಮದ ಮರುದಿನ ಸ್ನಾಯುಗಳಲ್ಲಿ ಮೂಡಿ ಎರಡು ಮೂರು ದಿನಗಳಲ್ಲಿ ಇಳಿಯುವ ನೋವು ಸಾಮಾನ್ಯವಾಗಿ ನಿರಪಾಯಕಾರಿ. ಕೀಲು ಊದಿಕೊಂಡರೆ ಅಥವಾ ನೋವು ದಿನದಿಂದ ದಿನಕ್ಕೆ ಏರಿದರೆ ವ್ಯಾಯಾಮದ ಪ್ರಮಾಣವನ್ನು ಚಿಕಿತ್ಸಕರು ಮರುಪರಿಶೀಲಿಸಬೇಕು. ಬೆನ್ನುನೋವಿನೊಡನೆ ಮಲಮೂತ್ರದ ಹಿಡಿತ ತಪ್ಪುವುದು ಅಥವಾ ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು ಬೆನ್ನುಹುರಿಯ ತುದಿಯ ನರಗಳ ಮೇಲೆ ಒತ್ತಡ ಬಿದ್ದಿರುವ ಸೂಚನೆಯಾಗಿರಬಹುದಾದ್ದರಿಂದ, ಅಂಥವರು ವ್ಯಾಯಾಮವನ್ನು ನಿಲ್ಲಿಸಿ ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.