ಮೆಣಸಿಗೆ ಮೊದಲಿನ ಕಣಿಲೆ

ಮಳೆಗಾಲದಲ್ಲಿ ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಊಟಕ್ಕೆ ಹೆಸರುಕಾಳು ಬೆರೆಸಿದ ಕಣಿಲೆ ಗಸಿ ಬರುತ್ತದೆ. ಎಳೆಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಆಮೇಲೆ ಒಲೆಗೇರಿಸುವ ಪದಾರ್ಥವದು. ಮೂರನೆಯ ಮಂಗರಸ 1508ರ ಸುಮಾರಿಗೆ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೂ ಈ ಕಳಲೆಯ ಅಡುಗೆಗಳಿವೆ, ಬದನೆ, ಬಾಳೆ, ಹಲಸಿನವೂ ಇವೆ. ಇಲ್ಲದ್ದು ಒಣಮೆಣಸು. ಅಮೆರಿಕ ಖಂಡದ ಆ ಗಿಡವನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ಖಾರವೆಂದರೆ ಕಾಳುಮೆಣಸು, ಶುಂಠಿ. ನಾವು ‘ಹಿರಿಯರ ರುಚಿ’ ಎನ್ನುವ ಕೆಂಪು ಗಸಿಗಿಂತ ಆ ಪುಸ್ತಕವೇ ಹಳತು! ಮಂಗರಸ ಬರೆದಿಟ್ಟದ್ದರಿಂದ ಈ ವ್ಯತ್ಯಾಸ ನಮಗೆ ತಿಳಿಯಿತು. ಮೆಣಸನ್ನು ಮೊದಲ ಬಾರಿ ಅರೆದು ಗಸಿಗೆ ಹಾಕಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇಂದು ಬಂಟ್ವಾಳದ ಹೋಟೆಲಿನ ಒಲೆಯ ಮುಂದೆ ನಿಂತವರ ಕೈರುಚಿಯನ್ನಾದರೂ ಯಾರಾದರೂ ಬರೆದಿಡಬೇಕು.