ನಾಣ್ಯದ ಎರಡು ಮುಖ, ಪ್ರಸ್ತಾರದ ಎಂಟು ಸಾಲು

ಫ್ರಾನ್ಸಿನ ಗಣಿತಜ್ಞ ದಲಂಬೇರ್, ದಿದರೋನೊಡನೆ ಸಂಪಾದಿಸಿದ ವಿಶ್ವಕೋಶದ ನಾಲ್ಕನೆಯ ಸಂಪುಟ 1754ರಲ್ಲಿ ಪ್ರಕಟವಾಯಿತು. ನಾಣ್ಯ ಚಿಮ್ಮುವ ಆಟವನ್ನು ಕುರಿತು ಆತನೇ ಬರೆದ ಕಿರುಲೇಖನವೊಂದು ಅದರಲ್ಲಿದೆ. ನಾಣ್ಯವನ್ನು ಎರಡು ಬಾರಿ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವವೆಷ್ಟು ಎಂಬುದು ಅಲ್ಲಿನ ಪ್ರಶ್ನೆ. ಶಿರ–ಶಿರ, ಶಿರ–ಪುಚ್ಛ, ಪುಚ್ಛ–ಶಿರ, ಪುಚ್ಛ–ಪುಚ್ಛ ಎಂಬ ನಾಲ್ಕು ಫಲಿತಗಳಲ್ಲಿ ಮೂರು ಅನುಕೂಲವಾಗಿರುವುದರಿಂದ ನಾಲ್ಕರಲ್ಲಿ ಮೂರು ಎಂಬುದು ರೂಢಿಯ ಉತ್ತರ. ದಲಂಬೇರ್ ಅದನ್ನು ಒಪ್ಪಲಿಲ್ಲ. ಮೊದಲ ಬಾರಿಯೇ ಶಿರ ಬಿದ್ದರೆ ಆಟ ಮುಗಿಯಿತು, ಎರಡನೆಯ ಬಾರಿ ಚಿಮ್ಮುವ ಅಗತ್ಯವೇ ಇಲ್ಲ. ಆದ್ದರಿಂದ ಶಿರ, ಪುಚ್ಛ–ಶಿರ, ಪುಚ್ಛ–ಪುಚ್ಛ ಎಂಬ ಮೂರೇ ಫಲಿತಗಳು, ಉತ್ತರ ಮೂರರಲ್ಲಿ ಎರಡು ಎಂದು ಆತ ವಾದಿಸಿದ.

ಆಟ ನಿಲ್ಲುತ್ತದೆಂಬುದು ನಿಜವೇ. ಆದರೆ ಆ ಮೂರೂ ಸಮತೂಕದವಲ್ಲ. ಮೊದಲನೆಯದು ಅರ್ಧ ಪಾಲು, ಉಳಿದೆರಡು ಕಾಲು ಕಾಲು ಪಾಲು. ಅರ್ಧಕ್ಕೆ ಕಾಲು ಸೇರಿದರೆ ಮುಕ್ಕಾಲೇ ಆಗುತ್ತದೆ. ಪ್ರತಿಭಾವಂತನು ಎಡವಿದ್ದು ಲೆಕ್ಕದಲ್ಲಲ್ಲ, ಪಟ್ಟಿಯನ್ನು ಓದುವುದರಲ್ಲಿ.

ಎರಡೇ ಬಗೆಯ ವಸ್ತುಗಳನ್ನು ಸಾಲಾಗಿ ಜೋಡಿಸುವ ಎಲ್ಲ ಕ್ರಮಗಳನ್ನೂ ಒಂದನ್ನೂ ಬಿಡದೆ, ಯಾವುದನ್ನೂ ಎರಡು ಸಲ ಎಣಿಸದೆ ಬರೆಯುವ ವಿದ್ಯೆ ಭಾರತದಲ್ಲಿ ಛಂದಶ್ಶಾಸ್ತ್ರದ ಒಂದು ಅಂಗವಾಗಿ ಬೆಳೆಯಿತು. ಪಿಂಗಳನ ಸೂತ್ರಗಳ ಪರಂಪರೆಯಲ್ಲಿ ಅದರ ಹೆಸರು ಪ್ರಸ್ತಾರ. ಅಲ್ಲಿ ಶಿರ–ಪುಚ್ಛಗಳ ಸ್ಥಾನದಲ್ಲಿರುವುದು ಗುರು–ಲಘುಗಳು. ಮೊದಲು ಎಲ್ಲವೂ ಗುರು. ಮುಂದಿನ ಸಾಲಿನಲ್ಲಿ, ಮೇಲಿನ ಸಾಲಿನ ಮೊದಲ ಗುರುವಿನ ಕೆಳಗೆ ಲಘು; ಅದರ ಬಲಕ್ಕೆ ಮೇಲಿದ್ದಂತೆಯೇ; ಎಡಕ್ಕೆ ಎಲ್ಲವೂ ಗುರು. ಎಲ್ಲವೂ ಲಘುವಾಗುವವರೆಗೆ ಹೀಗೆಯೇ ಮುಂದುವರಿಯಬೇಕು. ಮೂರು ಅಕ್ಷರಗಳಿಗೆ ಇದನ್ನು ಮಾಡಿ ನೋಡಿದರೆ ಎಂಟು ಸಾಲುಗಳು ದೊರೆಯುತ್ತವೆ: ಮ, ಯ, ರ, ಸ, ತ, ಜ, ಭ, ನ. ನಾವು ಶಾಲೆಯಲ್ಲಿ ಉರುಹೊಡೆದ ಅಕ್ಷರಗಣಗಳು ಇವೇ. ಮೂರು ನಾಣ್ಯಗಳನ್ನು ಚಿಮ್ಮಿದಾಗಿನ ಎಂಟು ಫಲಿತಗಳೂ ಇವೇ. ಲಘುಗಳನ್ನೆಣಿಸಿ ಗುಂಪು ಮಾಡಿದರೆ 1, 3, 3, 1. ಹತ್ತನೆಯ ಶತಮಾನದ ಹಲಾಯುಧನು ಪಿಂಗಳನ ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತ ವಿವರಿಸಿದ ಮೇರುಪ್ರಸ್ತಾರದಲ್ಲಿ ಈ ಸಂಖ್ಯೆಗಳೇ ಒಂದು ಸಾಲಾಗಿ ನಿಲ್ಲುತ್ತವೆ. ಅದೇ ಶತಮಾನದ ಕೊನೆಯ ವೇಳೆಗೆ ನಾಗವರ್ಮನ ‘ಛಂದೋಂಬುಧಿ’ಯ ಮೂಲಕ ಛಂದಶ್ಶಾಸ್ತ್ರ ಕನ್ನಡದಲ್ಲಿಯೂ ನೆಲೆಗೊಂಡಿತು.

ಹಾಗೆಂದು ಸಂಭವನೀಯತೆಯ ಗಣಿತವನ್ನು ನಮ್ಮ ಪೂರ್ವಿಕರೇ ಕಂಡುಹಿಡಿದರೆಂದು ಹೇಳಿದರೆ ಅತಿಯಾದೀತು. ಪ್ರಸ್ತಾರ ಹೇಳುವುದು ಏನೇನು ಸಾಧ್ಯ ಎಂಬುದನ್ನು. ಯಾವುದು ಎಷ್ಟು ಸಂಭಾವ್ಯ ಎಂಬುದನ್ನಲ್ಲ. ಕವಿ ನಾಣ್ಯ ಚಿಮ್ಮಿ ವೃತ್ತವನ್ನು ಆರಿಸುವುದಿಲ್ಲ. ಪಟ್ಟಿ ಪೂರ್ಣವಾಗಿರಬೇಕು ಎಂಬುದು ಒಂದು ಪಾಠ, ಪಟ್ಟಿಯಲ್ಲಿರುವುದೆಲ್ಲ ಸಮಾನವೆಂದು ಭಾವಿಸಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ಛಂದಸ್ಸು ಕಲಿಸುತ್ತದೆ, ಎರಡನೆಯದನ್ನು ದಲಂಬೇರನ ಸೋಲು.

ಹೊರನಾಡಿನಲ್ಲಿ ಓದುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ನಾಣ್ಯದ ಪಾಠ ದೊರೆಯುತ್ತದೆ, ಗಣಗಳ ಪಾಠ ದೊರೆಯುವುದಿಲ್ಲ. ಮೂರು ನಾಣ್ಯಗಳ ಫಲಿತಗಳನ್ನು ಬರೆಯಲು ಅವರು ಕುಳಿತಾಗ ಶಿರಕ್ಕೆ ಗುರು, ಪುಚ್ಛಕ್ಕೆ ಲಘು ಎಂದು ಪಕ್ಕದಲ್ಲಿ ಬರೆಸಿದರೆ ಸಾಕು. ಒಂದೇ ಪುಟದಲ್ಲಿ ಎರಡು ಪಾಠಗಳೂ ಮುಗಿಯುತ್ತವೆ.